ವ್ಯಾನಿಗೊಂದು ಹೊಸ್ತಿಲು

ನಮ್ಮ ಭಾವ ಲಕ್ಕಪ್ಪನವರಿಗೆ ಬುದ್ಧಿ ಇಲ್ಲ ಎಂದು ಹಾರನಹಳ್ಳಿಯಲ್ಲಿ ಯಾರಾದರೂ ಹೇಳಿದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಆ ಮಾತು ಹೇಳುವ ಹಕ್ಕು ಇರುವುದು ಇಬ್ಬರಿಗೇ. ಒಬ್ಬಳು ಅವರನ್ನು ಕಟ್ಟಿಕೊಂಡ ನಮ್ಮಕ್ಕ ವೆಂಕಟಲಕ್ಷ್ಮಮ್ಮ, ಇನ್ನೊಬ್ಬಳು ನಾದಿನಿಯಾದ ನಾನು.

ಭಾವನದು ಒಂದು ಹಳೇ ವ್ಯಾನು. ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಅರಸೀಕೆರೆ ಮಾರುಕಟ್ಟೆಗೆ ಸಾಗಿಸುವುದು ಕಸುಬು. ಮದುವೆ ಕಾಲದಲ್ಲಿ ಕಾಯಿಯ ಜಾಗದಲ್ಲಿ ನೆಂಟರು ಕೂರುತ್ತಾರೆ. ಕಾಯಿಗಾಗಲಿ ನೆಂಟರಿಗಾಗಲಿ ಅವರು ತೋರುವ ಮರ್ಯಾದೆಯಲ್ಲಿ ವ್ಯತ್ಯಾಸವಿಲ್ಲ. ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿಕೊಳ್ಳುವುದು, ಹತ್ತಿದವರನ್ನೆಲ್ಲ ಮನೆಗೆ ಊಟಕ್ಕೆ ಕರೆತರುವುದು ಅವರ ಚಟ.

ಒಂದು ಮಧ್ಯಾಹ್ನ ಹೀಗೇ ಹೇಳದೆ ಕೇಳದೆ ಕಾಯಿ ಹೊರುವವರನ್ನೆಲ್ಲ ಕರೆತಂದರು. ನಾನು ಅಕ್ಕನ ಮನೆಯಲ್ಲೇ ಇದ್ದೆ. ಅಕ್ಕ ಮತ್ತೆ ಒಲೆ ಹಚ್ಚಿ, ಮುದ್ದೆ ತಿರುವಿ, ಎಲ್ಲರಿಗೂ ನಗುನಗುತ್ತಲೇ ಬಡಿಸಿದಳು. ಉಂಡವರು ಕೈ ತೊಳೆದು ಅತ್ತ ಹೋದದ್ದೇ ತಡ, ಭಾವನ ಮೇಲೆ ಶುರು ಮಾಡಿದಳು. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೆ ಬಂತು:

“ಬ್ಯಾರೆ ಹೆಂಗಸ್ರು ಸಿಟ್ ಬಂದ್ರೆ ಬಟ್ಟೆ ಗಂಟು ಕಟ್ಕಂಡು ತವರಿಗೆ ಹೋಯ್ತಾರೆ. ಎದ್ದೋಗಾಕೆ ನಂಗೊಂದು ತವರಾದ್ರೂ ಐತೇನ್ರೀ?”

ಎಲ್ಲಕ್ಕೂ ಒಂದು ತಮಾಷೆ ಹೊಡೆಯುವ ಭಾವ ಆವತ್ತು ಎದ್ದು ಉಂಡ ತಟ್ಟೆಗಳನ್ನೆಲ್ಲ ತಾವೇ ಎತ್ತಿ ಹಿತ್ತಿಲಿಗೆ ಒಯ್ದರು.

ನಮ್ಮ ತವರು ಗೆಂಡೆಹಳ್ಳಿ ಕಡೆ, ಯಗಚಿ ಹೊಳೆಯ ಕಣಿವೆಯಲ್ಲಿತ್ತು. ಅಪ್ಪ ಅಮ್ಮ ತೀರಿಕೊಂಡರು, ನಮಗೆ ಅಣ್ಣತಮ್ಮಂದಿರಿಲ್ಲ, ಮನೆಗೆ ಬೀಗ ಬಿತ್ತು. ಆಮೇಲೆ ಅಣೆಕಟ್ಟೆಯ ನೀರು ಬಂದು ಊರನ್ನೇ ನುಂಗಿತು. ಅಲ್ಲಿಂದೀಚೆಗೆ ಅಕ್ಕ ಬೇಲೂರಿನ ಆಚೆ ತಲೆ ಹಾಕಿರಲಿಲ್ಲ. ನನಗೂ ದುಃಖವಿತ್ತು. ಆದರೆ ನಾನು ಸ್ಕೂಲ್ ಮೇಡಂ. ದಿನವಿಡೀ ಕೂಗಾಡುವುದಕ್ಕೆ ಮಕ್ಕಳಿದ್ದವು, ಹೇಗೋ ಹಗುರಾದೆ. ಅಕ್ಕ ಮಾತ್ರ ಎಲ್ಲವನ್ನೂ ಒಳಗೇ ಇಟ್ಟುಕೊಂಡಳು.

ಎರಡು ಸಾವಿರದ ನಾಲ್ಕರ ಬೇಸಿಗೆ. ಭಾವ ಮದುವೆಯವರನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕೆರೆಯ ಪಕ್ಕ ಫಾರಿನ್ನಿನವರ ಒಂದು ದೊಡ್ಡ ಗಾಡಿ ನಿಂತಿತ್ತಂತೆ. ಒಳಗೆ ಮಂಚ, ಸ್ಟವ್, ನಲ್ಲಿ. ಹೊರಗೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಹಾಕಿದ್ದರಂತೆ. ಭಾವ ಅದನ್ನು ಸುತ್ತು ಹಾಕಿದರು, ಬಗ್ಗಿ ನೋಡಿದರು, ಅವರು ಕೊಟ್ಟ ಹಾಲಿಲ್ಲದ ಟೀಯನ್ನೂ ಕುಡಿದರು. ಅಷ್ಟೂ ಹೊತ್ತು ಮದುವೆಯವರು ಬಿಸಿಲಲ್ಲಿ ಕೂತು ಅವರನ್ನು ಬೈಯುತ್ತಿದ್ದರು.

ಮರುದಿನ ನಮ್ಮ ಸ್ಕೂಲಿನ ಗೇಟಿನ ಹತ್ತಿರವೇ ವ್ಯಾನು ಬಂದು ನಿಂತಿತು.

“ಮೇಡಮ್ಮೋರೆ, ನಿಮ್ಮಕ್ಕನ್ನ ತವರಿಗೆ ಕರ್ಕಂಡೋಗಾನ.”

“ನಿಮ್ಗೇನ್ ತಲೆ ಕೆಟ್ಟೈತಾ ಭಾವ? ಅಲ್ಲಿ ನೀರ್ ಬಿಟ್ರೆ ಏನೈತೆ?”

“ಬ್ಯಾಸ್ಗೇಲಿ ನೀರು ಇಳಿತದೆ. ನಿಮ್ಮೂರ ನೆಲ ಕಾಣ್ತದಂತೆ, ವಿಚಾರಿಸ್ಕಂಡು ಬಂದಿವ್ನಿ. ಮನೆ ಇಲ್ಲ ಅಂದ್ರೆ ನಾವೇ ಮನೆ ತಗಂಡೋದ್ರಾಯ್ತು.”

ನಾನು ನಕ್ಕೆ. ಅವರು ನಗಲಿಲ್ಲ.

ಆಚಾರಿ ಚನ್ನಪ್ಪನನ್ನು ಹಿಡಿದು ವ್ಯಾನಿನೊಳಗೆ ಹಲಗೆಯ ಮಂಚ ಹೊಡೆಸಿದರು. ಸೀಮೆಎಣ್ಣೆ ಸ್ಟವ್ವಿಗೆ ಒಂದು ಕಟ್ಟೆ, ಮೂಲೆಗೆ ನಲ್ಲಿ ಕೂರಿಸಿದ ಡ್ರಮ್ಮು, ಕಿಟಕಿಗೆ ಅಕ್ಕನ ಹಳೇ ಸೀರೆಯ ಪರದೆ. ಇಷ್ಟೆಲ್ಲ ಆದಮೇಲೆ ಹಿಂದಿನ ಬಾಗಿಲಿಗೆ ಹೊಸ್ತಿಲು ಬೇಕು ಎಂದರು. ವ್ಯಾನಿಗೆ ಹೊಸ್ತಿಲು ಇಟ್ಟವರನ್ನು ತಾನು ಕಂಡಿಲ್ಲ ಎಂದು ಚನ್ನಪ್ಪ ವಾದ ಮಾಡಿದ. “ಹೊಸ್ಲಿಲ್ದಿದ್ರೆ ಅದು ಮನೆ ಹೆಂಗಾಯ್ತದ್ಲಾ?” ಎಂದು ಭಾವ ಹಟ ಹಿಡಿದು ಇಡಿಸಿಯೇ ಬಿಟ್ಟರು. ಕಾಯಿ ಹೊರುವವರು ಅದನ್ನು ಎಡವಿ ಎಡವಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಹೊಳೆಯ ದಂಡೆಯಲ್ಲಿ ಎರಡು ದಿನ ಇದ್ದು ಬರೋಣ ಎಂದಷ್ಟೇ ಅಕ್ಕನಿಗೆ ಹೇಳಿದ್ದು. ಭಾವ, ಅಕ್ಕ, ಅವರ ಮಗಳು ಹೇಮಾಶ್ರೀ, ನಾನು ಬೆಳಿಗ್ಗೆಯೇ ಹೊರಟೆವು. ಜಾವಗಲ್, ಹಳೇಬೀಡು ದಾಟುವವರೆಗೂ ಅಕ್ಕ ಖುಷಿಯಾಗಿದ್ದಳು. ಬುತ್ತಿ ಬಿಚ್ಚಿ ಎಲ್ಲರಿಗೂ ಚಕ್ಕುಲಿ ಹಂಚಿದಳು. ಬೇಲೂರು ದಾಟಿ ಗಾಡಿ ಗೆಂಡೆಹಳ್ಳಿ ದಾರಿಗೆ ತಿರುಗಿತು ನೋಡಿ, ಅಕ್ಕನಿಗೆ ಅರ್ಥವಾಯಿತು. ಚಕ್ಕುಲಿಯ ಡಬ್ಬಿ ಮುಚ್ಚಿದಳು, ಸೆರಗು ಹೊದ್ದು ಪರದೆ ಎಳೆದುಕೊಂಡು ಕೂತಳು.

ಕಣಿವೆಯಲ್ಲಿ ನೀರು ದೂರಕ್ಕೆ ಸರಿದಿತ್ತು. ಬಿರುಕು ಬಿಟ್ಟ ನೆಲದ ಮೇಲೆ ಎಳೆಯ ಹುಲ್ಲು ಹುಟ್ಟಿ ದನಗಳು ಮೇಯುತ್ತಿದ್ದವು. ನೀರಿನಾಚೆ ಹಸಿರು ಗುಡ್ಡಗಳು, ಅಲ್ಲಲ್ಲಿ ಬೆಳ್ಳಕ್ಕಿ. ಹೇಮಾಶ್ರೀ ಕುಣಿದುಕೊಂಡು ಕೆಳಗಿಳಿದಳು. ಅಕ್ಕ ಇಳಿಯಲಿಲ್ಲ.

“ನಾ ಇಳಿಯಕಿಲ್ಲ. ನಿಮಗ್ ನೋಡ್ಬೇಕಿದ್ರೆ ನೋಡ್ಕಂಡು ಬನ್ನಿ. ಸತ್ತೋಗಿರೋ ಊರ್ನ ನಾನೇನ್ ನೋಡ್ಲಿ?”

ನಾನು ಕರೆದೆ, ಮಗಳು ಕರೆದಳು. ಊಹೂಂ. ಭಾವನ ಮುಖ ನೋಡಲಾಗಲಿಲ್ಲ. ಅಷ್ಟು ದಿನದ ಓಡಾಟ ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಅವರು ಮಗಳ ಕೈ ಹಿಡಿದು ಗಾಡಿಯ ಹಿಂದೆ ಒಂದು ದಿಬ್ಬದ ಮೇಲೆ ನಿಂತರು. ಅಳಿಯನಾಗಿ ಅವರು ಆ ಊರಿಗೆ ಬಂದದ್ದೇ ನಾಲ್ಕೈದು ಸಲ. ಆದರೂ ಎಲ್ಲ ಗೊತ್ತಿರುವವರ ಹಾಗೆ ತೋರಿಸತೊಡಗಿದರು.

“ನೋಡವ್ವ, ಇಲ್ಲೇ ಇತ್ತು ನಿಮ್ಮಮ್ಮನ ತವರ್ಮನೆ. ಈ ದಿಬ್ಬ ಐತಲ್ಲ, ಇದೇಯ ಜಗಲಿ. ಇಲ್ಲೇ ನಿಮ್ ತಾತ ಕೂತ್ಕಂತಿದ್ರು.”

ಸರಕ್ಕನೆ ಪರದೆ ಸರಿಯಿತು.

“ಅಯ್ಯೋ, ಅದು ತಿಪ್ಪೆ ಕಣ್ರೀ! ನಮ್ಮಪ್ಪನ್ನ ತಗಂಡೋಗಿ ತಿಪ್ಪೆ ಮ್ಯಾಲೆ ಕೂರಿಸ್ತೀರಲ್ಲ!”

ಹೊಸ್ತಿಲು ದಾಟಿ ಅಕ್ಕ ಇಳಿದೇ ಬಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮುಂದೆ ಮುಂದೆ ನಡೆದಳು. ಇದು ಓಣಿ, ಇದು ಗಿಡ್ಡಮ್ಮನ ಹಿತ್ತಿಲು, ಇಗೋ ಹುಣಸೆಮರದ ಬುಡ. ನಾನು ಮರೆತದ್ದೆಲ್ಲ ಅವಳ ಕಾಲಿಗೆ ನೆನಪಿತ್ತು. ಒಂದು ಕಡೆ ನಿಂತವಳು ಅಲ್ಲೇ ಕೂತು ಕೈಯಿಂದ ಮಣ್ಣು ಕೆದಕಿದಳು. ಕೆಸರೊಳಗಿಂದ ಕಲ್ಲಿನ ದುಂಡನೆಯ ಬಾಯಿ ಕಂಡಿತು. ಅಮ್ಮನ ಒರಳು! ನೆಲದಲ್ಲಿ ಹೂತಿದ್ದರಿಂದ ಯಾರೂ ಕಿತ್ತು ಒಯ್ದಿರಲಿಲ್ಲ. ಅಕ್ಕ ಅದರ ಅಂಚಿನ ಮೇಲೆ ಕೈಯಿಟ್ಟು ಜೋರಾಗಿ ಅತ್ತಳು. ನಾನೂ ಅತ್ತೆ. ಎಷ್ಟೋ ವರ್ಷದಿಂದ ಅಳಬೇಕಾಗಿದ್ದ ಅಳು ಅದು.

ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಅಕ್ಕ ಹೇಳಿದ ಮೊದಲ ಮಾತು: “ವ್ಯಾನು ತಿಪ್ಪೆ ತಾವ ಯಾಕ್ ನಿಲ್ಸಿದ್ದೀರಿ? ತಗಂಬನ್ನಿ ಇಲ್ಲಿಗೆ. ಬಾಗ್ಲು ಮೂಡ್ಲಾಗಿರ್ಲಿ, ನಮ್ಮನೆ ಬಾಗ್ಲು ಮೂಡ್ಲಾಗೇ ಇದ್ದಿದ್ದು.”

ಭಾವ ಗಾಡಿಯನ್ನು ಹಿಂದೆ ಮುಂದೆ ಮಾಡಿ ಮಾಡಿ ಬಾಗಿಲನ್ನು ಮೂಡಲಿಗೆ ತಂದರು. ಅಕ್ಕ ಹೊಸ್ತಿಲಿಗೆ ಅರಿಶಿನ ಹಚ್ಚಿದಳು. ಒರಳಿನ ಕೆಸರು ತೆಗೆದು ಕೊಡಗಟ್ಟಲೆ ನೀರು ಹಾಕಿ ತೊಳೆದೆವು. ಹೊಳೆಯಂಚಿನಿಂದ ಒಂದು ಗುಂಡುಕಲ್ಲು ತಂದು ಅದರಲ್ಲೇ ಕಾಯಿಚಟ್ನಿ ಅರೆದಳು. ಚಟ್ನಿಯಲ್ಲಿ ಸ್ವಲ್ಪ ಮರಳು ಸಿಕ್ಕಿತು. ಆದರೂ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡೆವು. ಸಂಜೆ ತನಕ ನೀರಿನ ಗಾಳಿಗೆ ಕೂತು ಅಕ್ಕ ಮಗಳಿಗೆ ಊರಿನ ಒಬ್ಬೊಬ್ಬರ ಕತೆಯನ್ನೂ ಹೇಳಿದಳು.

ಮರುದಿನ ಹೊರಡುವಾಗ ಭಾವ ಮಂಚದ ಕೆಳಗಿನಿಂದ ಒಂದು ಚೀಲ ತೆಗೆದರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಮಡಿಲು ತುಂಬಬೇಕಲ್ಲ, ಅದಕ್ಕೆಂದು ಗುಟ್ಟಾಗಿ ತಂದಿದ್ದರು. ಜೊತೆಗೆ ತಂದಿದ್ದ ಮೊರಕ್ಕೆ ಸುರಿದು ಗಂಭೀರವಾಗಿ ಅಕ್ಕನ ಮುಂದೆ ನಿಂತರು. ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

“ಕಟ್ಕಂಡ ಗಂಡ ಯಾವತ್ತಾದ್ರೂ ಮಡ್ಲು ತುಂಬ್ತಾನೇನ್ರೀ? ತವರಿನೋರು ತುಂಬ್ಬೇಕು.”

ಭಾವ ಪೆಚ್ಚಾಗಿ ನನ್ನ ಕಡೆ ನೋಡಿದರು. ನಾನು ಮೊರ ಕಿತ್ತುಕೊಂಡೆ. ಅಕ್ಕನನ್ನು ಹೊಸ್ತಿಲ ಒಳಗೆ ಮೂಡಲಿಗೆ ಮುಖ ಮಾಡಿ ಕೂರಿಸಿ ಮಡಿಲು ತುಂಬಿದೆ. ಏಳುತ್ತಾಳೆಂದುಕೊಂಡರೆ, “ಕೂತ್ಕಳೇ” ಎಂದು ನನ್ನ ರಟ್ಟೆ ಹಿಡಿದು ಎಳೆದಳು. “ನಿಂಗೂ ಇದೇ ತವರಲ್ವೇನೇ?” ಅದೇ ಅಕ್ಕಿ, ಅದೇ ಬೆಲ್ಲ ನನ್ನ ಮಡಿಲಿಗೂ ಬಂತು. ಅಷ್ಟು ವರ್ಷ ನಾನು ಹಗುರಾಗಿದ್ದೇನೆ ಎಂದುಕೊಂಡದ್ದು ಸುಳ್ಳೆಂದು ಆಗ ತಿಳಿಯಿತು.

ಆ ವರ್ಷ ಮಳೆ ಚೆನ್ನಾಗಿ ಬಂದು ಒರಳು ಮತ್ತೆ ನೀರೊಳಗೆ ಹೋಯಿತು. ಆಷಾಢದಲ್ಲಿ ಒಂದು ದಿನ ನಾನು ಅಕ್ಕನ ಮನೆಗೆ ಹೋದಾಗ ಕಾಯಿ ಹೊರುವವರೆಲ್ಲ ಅಂಗಳದಲ್ಲಿ ಸುಮ್ಮನೆ ಕೂತಿದ್ದರು. ವ್ಯಾನಿನ ಹಿಂದಿನ ಬಾಗಿಲು ಒಳಗಿನಿಂದ ಹಾಕಿತ್ತು.

“ಏನಾಯ್ತು?” ಎಂದೆ.

ಒಳಗಿನಿಂದ ಅಕ್ಕನ ದನಿ ಬಂತು: “ಸಿಟ್ ಮಾಡ್ಕಂಡು ತವರಿಗೆ ಬಂದಿವ್ನಿ ಕಣೇ. ಕರ್ಯಾಕೆ ಬರ್ಬೇಕು ಅಂತ ನಿಮ್ ಭಾವನಿಗೆ ಹೇಳು.”

ಭಾವ ಆಗಲೇ ಒಗೆದ ಶರ್ಟು ಹಾಕಿಕೊಂಡು, ಕೈಯಲ್ಲಿ ಒಂದು ಮೊಳ ಹೂವು ಹಿಡಿದು ಮನೆಯಿಂದ ಹೊರಗೆ ಬರುತ್ತಿದ್ದರು. ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ನಿಂತು ಬಾಗಿಲು ತಟ್ಟಿದರು.