ಜ್ಯೋತಿಬಾ ಪೈಲವಾನರ ಬೆನ್ನು

ಜ್ಯೋತಿಬಾ ಪೈಲವಾನರ ಬೆನ್ನನ್ನು ಇದುವರೆಗೆ ಯಾವ ಗಂಡಸೂ ಮಣ್ಣಿಗೆ ಹಚ್ಚಿಲ್ಲ. ಹಳಿಯಾಳದಲ್ಲಿ ಈ ಸಂಗತಿಯನ್ನು ಬೇರೆಯವರು ಹೇಳುವ ಅಗತ್ಯವೇ ಬೀಳುವುದಿಲ್ಲ, ಅವರೇ ಹೇಳುತ್ತಾರೆ. ಬೆನ್ನು ನೆಲಕ್ಕೆ ತಾಗಿದರೆ ಸೋಲು ಎಂಬ ನಿಯಮ ಕುಸ್ತಿ ಕಣದ ಹೊರಗೆ ನಡೆಯುವುದಿಲ್ಲವೆಂದು ಅವರಿಗೆ ಯಾರೂ ತಿಳಿಸಿಲ್ಲ. ಕುಸ್ತಿ ಬಿಟ್ಟು ಇಪ್ಪತ್ತು ವರ್ಷವಾದರೂ ಮನೆಯಲ್ಲಿ ಮಗ್ಗುಲಾಗಿಯೇ ಮಲಗುತ್ತಾರೆ. ಕ್ಷೌರದಂಗಡಿಯವನು ಕುರ್ಚಿ ಹಿಂದಕ್ಕೆ ಬಾಗಿಸಿದರೆ ಅರ್ಧ ಗಡ್ಡದಲ್ಲೇ ಎದ್ದು ನಿಲ್ಲುತ್ತಾರೆ. ಆಸ್ಪತ್ರೆಯಲ್ಲಿ ಗಂಟಲೊಳಗೆ ನಳಿಗೆ ಇಳಿಸಿ ಹೊಟ್ಟೆ ನೋಡಿದಾಗ ಎಡಮಗ್ಗುಲಿಗೆ ಮಲಗಿಸಿದ್ದರು. ಡಾಕ್ಟರರಿಗೂ ತಮ್ಮ ಮೇಲೆ ಎಷ್ಟು ಗೌರವ ನೋಡಿ ಎಂದು ಊರೆಲ್ಲ ಹೇಳಿಕೊಂಡು ಬಂದರು.

ದೊಡ್ಡ ರೋಗವೇನಿಲ್ಲ ಎಂದು ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ಮುಗಿದ ಮರುದಿನ ಎದೆಯುರಿ, ಹುಳಿತೇಗು ಮರಳಿ ಬಂದವು. ಅರ್ಧ ಕುರಿಯನ್ನು ಒಬ್ಬರೇ ಮುಗಿಸುತ್ತಿದ್ದ ವೀರರು ಐದು ತಿಂಗಳಿಂದ ಮೊಸರನ್ನಕ್ಕೂ ಹೆದರುತ್ತಿದ್ದರು. ಕೊನೆಗೆ ಹೆಂಡತಿ ಗೋದುಬಾಯಿ ಅವರನ್ನು ದಾಂಡೇಲಿಗೆ ಎಳೆದುಕೊಂಡು ಹೋದರು. ಅಲ್ಲಿ ಜ್ಯೂಲಿ ಎಂಬ ಸಿದ್ದಿಗಳ ಮನೆಯ ಹುಡುಗಿ ಚೀನಾದವರ ಸೂಜಿ ವೈದ್ಯ ಕಲಿತು ಚಿಕಿತ್ಸೆ ಕೊಡುತ್ತಿದ್ದಳು. ಅವಳ ಮೈತೂಕ ಹೆಚ್ಚೆಂದರೆ ನಲವತ್ತೈದು ಕಿಲೋ.

ಜ್ಯೂಲಿ ಎರಡೂ ಕೈಯ ನಾಡಿಯನ್ನು ಮೂರು ಮೂರು ಬೆರಳಿಂದ ಒತ್ತಿ ನೋಡಿದಳು. ನಾಲಿಗೆ ಚಾಚಿಸಿದಳು.

“ನಾಲಿಗಿ ಮ್ಯಾಲೆ ದಪ್ಪಗ ಹಳದಿ ಕಟ್ಟೇತ್ರಿ, ಪೈಲವಾನರ. ಚೀನಾದ ವೈದ್ಯದಾಗ ಇದಕ್ಕ ಹೊಟ್ಟಿ ಬೆಂಕಿ ಅಂತಾರ. ಹೊಟ್ಟಿ ಶಕ್ತಿ ಕೆಳಗ ಇಳೀಬೇಕು. ನಿಮ್ಮದು ಮ್ಯಾಲಕ್ಕ ಏರಾಕತ್ತೈತಿ.”

“ನಂದು ಯಾವಾಗೂ ಮ್ಯಾಲೇ,” ಎಂದರು ಪೈಲವಾನರು.

“ಖಾರ ಬಿಡ್ರಿ, ಬೆಚ್ಚಗಿನ ಗಂಜಿ ಉಣ್ರಿ. ಈಗ ಬೆನ್ನ ಮ್ಯಾಲೆ ಮಲಗ್ರಿ.”

ಪೈಲವಾನರು ಮಂಚದ ಅಂಚಿಗೆ ಸರಿದು ಕುಳಿತರು.

“ಮಗ್ಗಲಾಗಿ ನಡೆಯೂದಿಲ್ಲೇನವ್ವಾ?”

“ಹೊಟ್ಟಿಗೆ ಸೂಜಿ ಹಾಕಬೇಕಂದ್ರ ಹೊಟ್ಟಿ ಮ್ಯಾಲಿರಬೇಕಲ್ರಿ.”

“ಇಲ್ಲಿ ಯಾರು ನೋಡ್ತಾರ? ಮಲಗ್ರಿ ಸುಮ್ನ. ನಾ ಹೊರಗ ಕುಂದರ್ತೇನಿ,” ಎಂದು ಗೋದುಬಾಯಿ ಎದ್ದು ಹೋದರು.

ಎರಡು ಮಂಚಗಳ ನಡುವಿನ ಪರದೆಯನ್ನು ಅಂದು ಒಗೆದು ಹೊರಗೆ ಒಣಹಾಕಿದ್ದರು. ಆಚೆಯ ಮಂಚದಲ್ಲಿ ಯಾರೋ ಬೋರಲಾಗಿ ಮಲಗಿದ್ದರು. ಮುಖ, ಉಸಿರಾಡಲೆಂದು ಮಂಚಕ್ಕೆ ಕೊರೆದ ತೂತಿನೊಳಗೆ ಹೂತುಹೋಗಿತ್ತು. ತೂತಿನೊಳಗಿನ ಮುಖಕ್ಕೆ ನೆಲ ಮಾತ್ರ ಕಾಣುತ್ತದೆಂದು ಲೆಕ್ಕ ಹಾಕಿದ ಜ್ಯೋತಿಬಾ, ಕೋಟೆಯ ಬೀಗದಕೈ ಒಪ್ಪಿಸುವ ಅರಸನಂತೆ ನಿಧಾನವಾಗಿ ಬೆನ್ನನ್ನು ಹಾಸಿಗೆಗೆ ಇಳಿಸಿದರು. ಹೊಕ್ಕುಳಿಗಿಂತ ಮೇಲಕ್ಕೆ ಒಂದು, ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಒಂದೊಂದು, ಮುಂಗೈಗಳಿಗೆ, ಪಾದಗಳಿಗೆ ಒಂದೊಂದು: ಕೂದಲಿನಷ್ಟು ಸಣ್ಣ ಏಳು ಸೂಜಿಗಳು ಇಳಿದವು.

“ಇಪ್ಪತ್ತೈದು ನಿಮಿಷ ಅಲುಗಾಡಬ್ಯಾಡ್ರಿ.”

“ಆತವ್ವಾ.”

ಆ ಒಂದು ಮಾತು ಸಾಕಾಯಿತು. ತೂತಿನೊಳಗಿಂದ ದನಿ ಬಂತು. “ಯಾರಲೇ ಅದು? ಜ್ಯೋತಿಬಾ ಏನು?”

ಮುಂಡಗೋಡದ ಶಂಕ್ರಪ್ಪ! ಇಪ್ಪತ್ತಾರು ವರ್ಷದ ಹಿಂದೆ ಇಬ್ಬರೂ ನಲವತ್ತು ನಿಮಿಷ ಸೆಣಸಿದ ಮೇಲೆ ಕುಸ್ತಿ ಸಮವೆಂದು ಪಂಚರು ಬಿಡಿಸಿದ್ದರು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಜ್ಯೋತಿಬಾನ ಬೆನ್ನು ನೋಡುತ್ತಿದ್ದೆ ಎಂದು ಶಂಕ್ರಪ್ಪ ಅಂದಿನಿಂದ ಕಂಡಕಂಡ ಮದುವೆಗಳಲ್ಲಿ ಸಾರುತ್ತಲೇ ಇದ್ದರು.

“ಹೆಂಗ ಮಲಗೀದಿ?”

“ಕುಂತೇನಿ.”

“ಕುಂತವನ ದನಿ ಮಾಳಿಗಿಗೆ ಬಡದು ಬರೂದಿಲ್ಲಲೇ!”

ಶಂಕ್ರಪ್ಪ ತಲೆ ಎತ್ತಲು ಹೆಣಗಿದರು. ಜ್ಯೂಲಿ ಗದರಿದಳು. “ಸೊಂಟದಾಗ ಸೂಜಿ ಅದಾವ್ರಿ! ಗದ್ದಿ ಕೆಸರಾಗ ನಿಂತು ನಿಂತು ಥಂಡಿ ಒಳಗ ಹೊಕ್ಕೈತಿ. ಅದು ಹೊರಗ ಬರಬೇಕು. ಇನ್ನ ಒಂಬತ್ತು ನಿಮಿಷ ತಡೀರಿ.” ಅವಳು ಒಣಸೊಪ್ಪಿನ ಬತ್ತಿಯೊಂದನ್ನು ಹೊತ್ತಿಸಿ ಅವರ ಸೊಂಟದ ಹತ್ತಿರ ಹಿಡಿದಳು. ಘಾಟು ಹೊಗೆ ಕೋಣೆ ತುಂಬಿತು.

ಜ್ಯೋತಿಬಾ ಗಡಿಯಾರ ನೋಡಿದರು. ಶಂಕ್ರಪ್ಪನ ಬಿಡುಗಡೆಗೆ ಒಂಬತ್ತು ನಿಮಿಷ, ತಮ್ಮದಕ್ಕೆ ಇಪ್ಪತ್ತೊಂದು.

“ತಂಗಿ,” ಪಿಸುಗುಟ್ಟಿದರು, “ನಂದ ಮೊದಲ ತಗಿಯವ್ವಾ.”

“ಬೆಂಕಿ ಇನ್ನಾ ಇಳದಿಲ್ರಿ.”

“ಇಳದೈತಿ, ಹಿಮ್ಮಡಿತನಕ ಇಳದೈತಿ!”

ಜ್ಯೂಲಿ ಆಗದೆಂದು ತಲೆಯಾಡಿಸಿದಳು. ಜ್ಯೋತಿಬಾ ಕಾಲು ಸರಿಸಲು ನೋಡಿದರೆ ಮೊಣಕಾಲಿನ ಸೂಜಿಯಿಂದ ಪಾದದವರೆಗೆ ಸೀಸ ಸುರಿದಂಥ ಭಾರ ಎಳೆಯಿತು. ಆರಡಿ ಆಳಿನ ಯಾವ ಪಟ್ಟಿಗೂ ಸಿಗದಿದ್ದ ದೇಹ ಏಳು ಸೂಜಿಗೆ ಸಿಕ್ಕಿಬಿದ್ದಿತ್ತು.

ಒಂಬತ್ತು ನಿಮಿಷ ಮುಗಿಯಿತು. ಶಂಕ್ರಪ್ಪ ಸೊಂಟ ಹಿಡಿದುಕೊಂಡು ಇಳಿದು ಬಂದು ಮಂಚದ ಪಕ್ಕ ನಿಂತರು. ಜ್ಯೋತಿಬಾ ಕಣ್ಣು ಮುಚ್ಚಿದರು.

“ಚಿತ್,” ಎಂದರು ಶಂಕ್ರಪ್ಪ, ಪೇಢೆ ಚಪ್ಪರಿಸಿದಂತೆ. ಆಮೇಲೆ ಮುಖ ಬಾಡಿತು. “ಆದ್ರ ನಾ ಕೆಡವಿಲ್ಲಲೇ. ಯಾರು ಕೆಡವಿದ್ರು?”

ಕೈ ಎತ್ತಲಾಗದ ಜ್ಯೋತಿಬಾ ಕಣ್ಣು ತೆರೆದು ಜ್ಯೂಲಿಯತ್ತ ಹೊರಳಿಸಿದರು. “ಅಕಿ.”

ಶಂಕ್ರಪ್ಪ ಜ್ಯೂಲಿಯ ಕೈ ಹಿಡಿದು ಮೇಲೆತ್ತಿ, ಪಂಚರಂತೆ ನಾಲ್ಕು ದಿಕ್ಕಿಗೂ ತೋರಿಸಿದರು: ಕಪಾಟಿಗೆ, ಕಿಟಕಿಗೆ, ಗಡಿಯಾರಕ್ಕೆ, ಒಣಗಿದ ಪರದೆ ಹಿಡಿದು ಬಾಗಿಲಿಗೆ ಬಂದ ಗೋದುಬಾಯಿಗೆ. ಗೋದುಬಾಯಿ ಪರದೆ ಬಿಟ್ಟು ಚಪ್ಪಾಳೆ ತಟ್ಟಿದರು.

ಜ್ಯೋತಿಬಾಗೆ ನಗು ಬಂತು. ಹೊಟ್ಟೆಯ ಸೂಜಿ ತೂಗಾಡಿತು.

“ನಗಬ್ಯಾಡ್ರಿ! ಮಾತೂ ಆಡಬ್ಯಾಡ್ರಿ! ಇನ್ನ ಹತ್ತು ನಿಮಿಷ ಐತಿ. ಹಂಗ, ಇಬ್ಬರೂ ಇನ್ನ ಒಂಬತ್ತು ಗುರುವಾರ ಬರಬೇಕು,” ಎಂದಳು ಜ್ಯೂಲಿ.

“ಒಂಬತ್ತು?” ಶಂಕ್ರಪ್ಪನವರ ಮುಖ ಮತ್ತೆ ಅರಳಿತು. ಸ್ಟೂಲು ಎಳೆದುಕೊಂಡು ಜ್ಯೋತಿಬಾರ ತಲೆದೆಸೆಗೆ ಕುಳಿತರು. “ಹಂಗಾರ ಸಾವಕಾಶ ಹೇಳ್ತೇನಿ ಕೇಳು. ಅವತ್ತಿನ ಕುಸ್ತಿ, ಮೊದಲನೇ ನಿಮಿಷ. ನೀ ನನ್ನ ಎಡಗೈ ಹಿಡದಿ...”