ಉಂಡ ಮೇಲೆ ಬಗ್ಗದ ಷಡ್ಡಕ

ನನ್ನ ಷಡ್ಡಕನನ್ನು ಕಂಡರೆ ನನಗಾಗದು. ಮುಚ್ಚಿಟ್ಟು ಏನಾಗಬೇಕು? ನನ್ನ ಹೆಂಡತಿಯ ಅಕ್ಕನ ಗಂಡ ಅವನು. ನನ್ನ ಹಾಗೆಯೇ ನೆಲಕ್ಕೆ ಟೈಲ್ಸ್ ಹಾಕುವವನು. ಇಬ್ಬರೂ ಒಬ್ಬರೇ ಮೇಸ್ತ್ರಿಯ ಕೈಕೆಳಗೆ. ಬೆಳಿಗ್ಗೆ ನನ್ನ ಸಾಲು ಅವನದಕ್ಕಿಂತ ನೇರ. ಊಟವಾದ ಮೇಲೆ ಎಲ್ಲ ಉಲ್ಟಾ. ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ನುಗ್ಗಿ ಎದೆ ಉರಿಯುತ್ತಿತ್ತು, ಕೈ ಅಲುಗಿ ಸಂದು ಸೊಟ್ಟಗಾಗುತ್ತಿತ್ತು. ಅವನದು ಮಾತ್ರ ಸಂಜೆಯವರೆಗೂ ಗೆರೆ ಎಳೆದ ಹಾಗೆ.

ಹೊಸ ಕಟ್ಟಡದ ದೊಡ್ಡ ಹಾಲ್‌ನ ನೆಲ ಯಾರಿಗೆಂದು ಮೇಸ್ತ್ರಿ ಆ ವಾರ ಹೇಳುವವರಿದ್ದರು. ಅಂಥದ್ದೊಂದು ಹಾಕಿ ಸೈ ಎನಿಸಿಕೊಂಡರೆ ಬಚ್ಚಲುಮನೆಗಳ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಕರ್ಮ ತಪ್ಪುತ್ತದೆ. ನನಗದು ಬೇಕೇಬೇಕಿತ್ತು.

ಅವನ ಗುಟ್ಟೇನೆಂದು ಕಾದು ನೋಡಿದೆ. ಹನ್ನೊಂದಕ್ಕೆ ಅರ್ಧ ಡಬ್ಬಿ, ಮಧ್ಯಾಹ್ನ ಇನ್ನರ್ಧ. ಕರಿದದ್ದಿಲ್ಲ, ಖಾರವಿಲ್ಲ, ಮೇಲೊಂದು ಟೀ ಇಲ್ಲ. ನಾನು ಡಬ್ಬಿ ಬಳಿದು ತಿಂದು, ಟೀ ಹೀರಿ, ನೆಲಕ್ಕೆ ಬಗ್ಗಿದರೆ ಅವನು ಮೇಜಿನ ಹತ್ತಿರ ನಿಂತು ಆರಾಮಾಗಿ ಟೈಲ್ಸ್ ಕತ್ತರಿಸುತ್ತಿದ್ದ. ಮೈಗಳ್ಳ ಅಂದುಕೊಂಡೆ. ಮನೆಗೆ ಬಂದರೆ ಹೆಂಡತಿಯದು ಅದೇ ರಾಗ, ನಮ್ಮ ಭಾವನನ್ನು ನೋಡಿ ಕಲಿಯಿರಿ ಎಂದು. ಸಿಟ್ಟಿಗೆ ಎರಡು ಪಟ್ಟು ಉಂಡು ಮಲಗಿದೆ.

ಭಾನುವಾರ ಅವರ ಮನೆಗೆ ಹೋದಾಗ ಕಳ್ಳ ಸಿಕ್ಕಿಬಿದ್ದ. ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ ನಮ್ಮ ಕಟ್ಟಡದ ಟೈಲ್ಸ್ ಪೇರಿಸಿಟ್ಟಿದ್ದ! ಮೇಸ್ತ್ರಿಯ ಕಿವಿಗೆ ಬಿದ್ದರೆ ಹಾಲ್ ನನ್ನದೇ. ನಾನು ಒಳಗೊಳಗೇ ಕುಣಿದೆ.

"ಇದನ್ನ ಎಲ್ಲಿಂದ ಹೊಡ್ಕೊಂಡ್ ಬಂದೆ ಅಣ್ಣ?"

"ಒಡೆದಿದ್ದು ಕಣಯ್ಯಾ. ಮೇಸ್ತ್ರಿನೇ ತಗೊಂಡ್ಹೋಗು ಅಂದ್ರು. ನಿನ್ನ ಮಂಚಕ್ಕೂ ಎತ್ತಿಟ್ಟಿದೀನಿ."

ಅವನಿಗೂ ಹಿಂದೆ ಇದೇ ಕಾಟವಂತೆ. ಹೊಟ್ಟೆಯ ಬಾಯಿಗೊಂದು ಬಾಗಿಲಿದೆಯಂತೆ. ಹೊಟ್ಟೆ ಬಿರಿಯ ತಿಂದು ಬಗ್ಗಿದರೂ, ಉಂಡ ಕೂಡಲೇ ಮಲಗಿದರೂ ಹುಳಿ ಅದನ್ನು ತಳ್ಳಿಕೊಂಡು ಮೇಲೆ ಬರುತ್ತದಂತೆ. ಕರಿದದ್ದು, ಟೀ ಸೇರಿದರೆ ಕೆಲವರಿಗೆ ಇನ್ನೂ ಜಾಸ್ತಿಯಂತೆ. ಮಲಗುವ ಮೂರು ಗಂಟೆ ಮೊದಲೇ ಉಣ್ಣು, ತಲೆಕಡೆ ಎತ್ತರಿಸು ಎಂದು ಡಾಕ್ಟರ್ ಹೇಳಿದ್ದರಂತೆ. ಇಷ್ಟು ದಿನ ನಾನು ಕೇಳಲಿಲ್ಲವಂತೆ, ಅದಕ್ಕೇ ಹೇಳಲಿಲ್ಲವಂತೆ.

ಹಾಲ್ ಅವನಿಗೇ ಹೋಯಿತು. ಅರ್ಧ ನನಗೆ ಕೊಡಿ ಎಂದು ಅವನೇ ಮೇಸ್ತ್ರಿಯನ್ನು ಕೇಳಿದ. ಬೇಡ ಎನ್ನಬೇಕಿತ್ತು, ಒಪ್ಪಿಕೊಂಡೆ. ಹಲ್ಲು ಕಚ್ಚಿಕೊಂಡು ಅವನ ಹಾಗೆಯೇ ಅರ್ಧರ್ಧ ಡಬ್ಬಿ ತಿಂದೆ, ಟೀ ಬಿಟ್ಟೆ, ಅವನು ಕೊಟ್ಟ ಟೈಲ್ಸನ್ನೇ ಮಂಚದ ತಲೆಕಡೆ ಕಾಲುಗಳಿಗೆ ಕೊಟ್ಟು ಮಲಗಿದೆ.

ಕೆಲಸ ಮುಗಿದ ದಿನ ಮೇಸ್ತ್ರಿ ನನ್ನ ಅರ್ಧದಲ್ಲಿ ನಿಂತು, ಸಂದಿನ ಮೇಲೆ ಬೆರಳಾಡಿಸಿ, ಷಡ್ಡಕನ ಭುಜ ತಟ್ಟಿದರು.

"ಊಟ ಆದ್ಮೇಲೂ ಇಷ್ಟು ನೇರ ಹಾಕೋದು ನಿನ್ನ ಕೈಲಿ ಮಾತ್ರ ಆಗೋದು ಬಿಡು."

"ಇದು ಅವನು ಹಾಕಿದ್ದು. ನಂದು ಆ ಕಡೆ," ಎಂದ ಅವನು.

ಸುಮ್ಮನಿದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನನ್ನು ಬೈಯಲು ನನಗೊಂದು ಕಾರಣವಾದರೂ ಉಳಿಯುತ್ತಿತ್ತು. ಪಾಪಿ, ಅದನ್ನೂ ಉಳಿಸಲಿಲ್ಲ.