ದರ್ಜಿಯ ಗುಮ್ಮಟ

ಕತ್ತರಿ ಕೆಳಗಿಟ್ಟು ವರ್ಷವಾದರೂ ಬೀದಿಯ ಕೊನೆಮನೆ ದರ್ಜಿಯ ಕೊರಳಿನಿಂದ ಅಳತೆಪಟ್ಟಿ ಇಳಿದಿಲ್ಲ. ಈಗ ಆತ ಹಿತ್ತಲಿನಲ್ಲಿ ಗುಮ್ಮಟ ಹೊಲಿಯುತ್ತಿದ್ದಾನೆ. ಕೋಲುಗಳನ್ನು ತ್ರಿಕೋನ ತ್ರಿಕೋನವಾಗಿ ಬಿಗಿದರೆ ಮಗುಚಿದ ಬುಟ್ಟಿಯಂತೆ ತಾನೇ ದುಂಡಗೆ ನಿಲ್ಲುತ್ತದಂತೆ. ಅದರ ಬುಡಕ್ಕೆ ಅಂಚು ಎನ್ನುತ್ತಾನೆ, ನೆತ್ತಿಗೆ ಕಾಲರು. ಮೂವತ್ತು ಗಿಡ್ಡ ಕೋಲು, ಮೂವತ್ತೈದು ಉದ್ದ ಕೋಲು. ಒಂದೊಂದಕ್ಕೂ ಸೀಮೆಸುಣ್ಣದ ಗೀಟು ಹಾಕಿ, ಗುಂಡುಸೂಜಿ ಕಚ್ಚುತ್ತಿದ್ದ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೊಯ್ಯುತ್ತಾನೆ. ಎರಡು ಸಲ ಕಟ್ಟಿದ, ಎರಡು ಸಲವೂ ಕಾಲರು ಕೂಡದೆ ಎಲ್ಲ ಕುಸಿದು ಬಿತ್ತು. ಕೊನೆಗೆ ಹೆಂಡತಿಯೇ ಒಂದು ಕೋಲು ಅಳೆದು ನೋಡಿದಳು. “ನೀವು ಬರ್ಕೊಂಡಿರೋ ಅಳತೆಗಿಂತ ಒಂದು ಬೆರಳು ಜಾಸ್ತಿ ಇದೆಯಲ್ರೀ!” “ಹೊಲಿಗೆ ಒಳಗೆ ಸ್ವಲ್ಪ ಬಿಡಬೇಕಲ್ವೇನೇ? ಮುಂದೆ ದಪ್ಪ ಆದ್ರೆ?” “ಗುಮ್ಮಟ ಎಲ್ಲಾದ್ರೂ ದಪ್ಪ ಆಗುತ್ತಾ? ಇನ್ನೊಂದ್ಸಲ ಬೀಳಲಿ, ಅಷ್ಟೂ ಒಲೆಗೆ ಹಾಕ್ತೀನಿ!” ಆತ ಅರವತ್ತೈದು ಕೋಲಿನ ತುದಿಯನ್ನೂ ತನ್ನ ಬೆರಳನ್ನೇ ಕೊಯ್ದುಕೊಳ್ಳುವವನಂತೆ ನರಳುತ್ತ ಕೊಯ್ದ. ಮೂರನೆಯ ಸಲ ಕಾಲರು ಕೂಡಿತು. “ಹೋಗಿ, ನಿಮ್ಮ ಗುಮ್ಮಟದೊಳಗೆ ಕೂತ್ಕೊಳ್ಳಿ ಮಹಾರಾಯರೇ” ಎಂದಳು ಹೆಂಡತಿ, ನಗು ತಡೆದುಕೊಂಡು. ಆತ ಹೋಗಲಿಲ್ಲ. ಆತನ ಅಕ್ಕ ಕಣ್ಣು ಮಂಜಾಗಿ, ಮನೆಯ ಮೂಲೆಮೂಲೆಗೂ ಕಂಬಕಂಬಕ್ಕೂ ಹಣೆ ತಾಗಿಸಿಕೊಂಡು, ಈಚೆಗೆ ಕುರ್ಚಿ ಬಿಟ್ಟೇಳುವುದನ್ನೇ ನಿಲ್ಲಿಸಿದ್ದಳು. ಆತ ಆಕೆಯನ್ನು ಮೆಲ್ಲಗೆ ಕರೆತಂದು, ಗುಮ್ಮಟದ ನಡುವೆ ನಿಲ್ಲಿಸಿ ಕೈ ಬಿಡಿಸಿಕೊಂಡ. “ಕಂಬ ಎಲ್ಲಿದೆಯೋ?” “ಒಂದೂ ಇಲ್ಲ ಅಕ್ಕ, ನಡಿ.” ಅಕ್ಕ ಎರಡೂ ಕೈ ಮುಂದೆ ಚಾಚಿ ಒಂದು ಹೆಜ್ಜೆ ಇಟ್ಟಳು, ಮತ್ತೊಂದು ಇಟ್ಟಳು, ಆಮೇಲೆ ಕೈ ಇಳಿಸಿ ನಡೆದಳು.